ಮೀಟರ್‌ನಲ್ಲಿ ದುಡ್ಡು ಮುಗಿದ್ರೆ ಎಸಿ ಎಲ್ಲಿಂದ ಬರುತ್ತೆ

ಆಲಿಸ್ ಸ್ಪ್ರಿಂಗ್ಸ್, ಆಸ್ಟ್ರೇಲಿಯಾ, 14 ಜನವರಿ 2025, ಮಂಗಳವಾರ

ಇವತ್ತು ಡಯಾಲಿಸಿಸ್‌ಗೆ ಬಂದ ಅಬೊರಿಜಿನಲ್, ಅಂದ್ರೆ ಇಲ್ಲಿನ ಮೂಲನಿವಾಸಿ, ಅಜ್ಜಿಯೊಬ್ಬರ ತೂಕ ತುಂಬಾ ಏರಿತ್ತು, ಕಾಲೆಲ್ಲಾ ಊದ್ಕೊಂಡು ಉಸಿರಾಡೋಕೂ ಕಷ್ಟ ಪಡ್ತಿದ್ರು. ಕಿಡ್ನಿ ಕೆಲಸ ಮಾಡದಿದ್ರೆ ಕುಡಿದ ನೀರು ಮೈಯಲ್ಲೇ ನಿಲ್ಲುತ್ತೆ, ಅದಕ್ಕೇ ಅಂಥವರಿಗೆ ದಿನಕ್ಕೆ ಹೆಚ್ಚುಕಮ್ಮಿ ಒಂದು ಲೀಟರ್ ಅಂತ ನೀರಿಗೆ ನಾವೇ ಲಿಮಿಟ್ ಹಾಕಿರ್ತೀವಿ, ಆದ್ರೆ ಈ ಮರುಭೂಮಿ ಧಗೇಲಿ ಸಿಮೆಂಟ್ ಬ್ಲಾಕಿನ ಮನೆಯೊಳಗೆ ಫ್ಯಾನೂ ಇಲ್ದೆ ಕೂತವರು ಬಾಯಾರಿಕೆ ಹೆಂಗೆ ತಡ್ಕೋಬೇಕು. ಕರೆಂಟ್ ಯಾಕಿರ್ಲಿಲ್ಲ ಅಂದ್ರೆ ಮೀಟರ್‌ನಲ್ಲಿ ದುಡ್ಡು ಖಾಲಿ.

ನಮ್ಮ ಈ ನಾರ್ದರ್ನ್ ಟೆರಿಟರಿ ಪ್ರಾಂತ್ಯದ ದೂರದ ಊರುಗಳಲ್ಲಿ ಬಹಳಷ್ಟು ಮನೆಗಳಿಗೆ ಪ್ರೀಪೇಯ್ಡ್ ಮೀಟರ್, ನಾವು ಮೊಬೈಲ್ ರೀಚಾರ್ಜ್ ಮಾಡಿಸ್ದಂಗೆ. ದುಡ್ಡು ಮುಗೀತು, ಕರೆಂಟ್ ಹೋಯ್ತು, ಫ್ರಿಜ್ಜಲ್ಲಿರೋ ಇನ್ಸುಲಿನ್ ಕೂಡ ಕೆಡುತ್ತೆ. 2018-19ರಲ್ಲಿ 28 ಊರುಗಳ ಸುಮಾರು 3,300 ಮನೆಗಳ ಲೆಕ್ಕ ತೆಗೆದಾಗ 91% ಮನೆಗಳಲ್ಲಿ ವರ್ಷದಲ್ಲಿ ಒಂದ್ಸಲವಾದ್ರೂ ಹೀಗೆ ಕರೆಂಟ್ ಹೋಗಿತ್ತು, ಹತ್ತಕ್ಕಿಂತ ಹೆಚ್ಚು ಸಲ ಹೋದ ಮನೆಗಳೇ 74%. ಪ್ರಾಂತ್ಯದ ಮಧ್ಯಭಾಗದಲ್ಲಿ ಕರೆಂಟ್ ಜಾಸ್ತಿ ಬಳಸೋ ಮನೆಗಳಲ್ಲಿ ವಿಪರೀತ ಬಿಸಿಲು ಅಥವಾ ಚಳಿ ಇರೋ ದಿನ ಕರೆಂಟ್ ಕಟ್ ಆಗೋ ಸಾಧ್ಯತೆ 3ರಲ್ಲಿ ಒಂದು! ಯಾಕಂದ್ರೆ ಅವತ್ತೇ ತಾನೇ ಎಸಿ ಜಾಸ್ತಿ ಓಡೋದು, ಅವತ್ತೇ ದುಡ್ಡು ಬೇಗ ಕರಗೋದು. ಅದೇ 2018-19ರಲ್ಲಿ ನಮ್ಮ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ 40 ಡಿಗ್ರಿ ದಾಟಿದ ದಿನಗಳು 55.

ನಾನು ರಾಯಚೂರಿನವಳು, ಬಿಸಿಲು ಗೊತ್ತು. ಆದ್ರೆ ಇಲ್ಲಿ ಬಿಸಿಲಿಗೆ ಜೊತೆಯಾಗಿ ಮನೆ ಕೂಡ ಸುಡುತ್ತೆ. ಇಲ್ಲಿನ ಮೂಲನಿವಾಸಿ ಜನ ಸಾವಿರಾರು ವರ್ಷ ಈ ಮರುಭೂಮೀಲಿ ಬಾಳಿದ್ದಾರೆ, ನೆರಳು ಎಲ್ಲಿ, ನೀರು ಎಲ್ಲಿ, ಯಾವಾಗ ಜಾಗ ಬಿಡ್ಬೇಕು ಅನ್ನೋದು ಅವರಿಗೆ ಗೊತ್ತಿತ್ತು. ಈಗ ಅವರನ್ನ ಕೂಡಿಸಿರೋ ಮನೆಗಳನ್ನ ಅವರನ್ನ ಕೇಳಿ ಯಾರೂ ಕಟ್ಲಿಲ್ಲ.

ಇದೇ ಪ್ರಾಂತ್ಯದ ಟೆನಂಟ್ ಕ್ರೀಕ್ ಊರಿನ, ವರುಮುಂಗು ಅನ್ನೋ ಮೂಲನಿವಾಸಿ ಸಮುದಾಯದ ಹಿರಿಯರು ನಾರ್ಮನ್ ಫ್ರ್ಯಾಂಕ್ ಜುಪುರುರ್ಲಾ ಇದಕ್ಕೇ ಹೋರಾಡ್ತಿರೋದು. ತಮ್ಮ ಸರ್ಕಾರಿ ಮನೆ ಮೇಲೆ ಸೋಲಾರ್ ಹಾಕಿಸ್ಕೊಂಡ್ರು, ಪ್ರೀಪೇಯ್ಡ್ ಮೀಟರ್ ಇರೋ ಮನೆಗೆ ಅದನ್ನ ಜೋಡಿಸೋಕೆ ಎಷ್ಟೋ ಅಲೆದ್ರು. ಆಮೇಲೆ ಡಾಕ್ಟರ್ ಸೈಮನ್ ಕ್ವಿಲ್ಟಿ ಜೊತೆ ವಿಲ್ಯಾ ಜಂತಾ ಅನ್ನೋ ಸಂಸ್ಥೆ ಕಟ್ಟಿ, ಅಲ್ಲಿನವರೇ ಬೇಕು ಅನ್ನೋ ಥರದ, ಬಿಸಿಲು ತಡೆಯೋ ಮನೆಗಳ ಪ್ಲ್ಯಾನ್ ಮಾಡ್ತಿದ್ದಾರೆ. ನನ್ನ ಪ್ರಕಾರ ಇದೂ ಔಷಧಿಯೇ, ಆಸ್ಪತ್ರೆ ಬಜೆಟ್ಟಿನಲ್ಲೇ ಬರ್ಬೇಕು.

ಇಷ್ಟಾದ್ರೂ ಬಿಸಿಲು ಏರಿದಾಗ ನಾವು ಕೈಗೆ ಕೊಡೋ ಚೀಟೀಲಿ ಇರೋದು ಎಸಿ ಹಾಕ್ಕೊಂಡು ಒಳಗಿರಿ, ಚೆನ್ನಾಗಿ ನೀರು ಕುಡೀರಿ ಅಂತ. ಆ ಅಜ್ಜಿಗೆ ಅದರಲ್ಲಿ ಒಂದೂ ಆಗಲ್ಲ. ನಾಳೆ ಮೀಟಿಂಗ್ ಇದೆ, ಬಿಪಿ ತೂಕ ನೋಡೋವಾಗ್ಲೇ ಮನೇಲಿ ಕರೆಂಟ್ ಇದೆಯಾ, ಮೀಟರ್‌ನಲ್ಲಿ ಎಷ್ಟು ಉಳಿದಿದೆ ಅಂತಾನೂ ಕೇಳಿ ಬರ್ಕೋಬೇಕು ಅಂತ ಹೇಳ್ತೀನಿ, ಇಲ್ಲ ಅಂದವರನ್ನ ಅವತ್ತು ತಂಪಾದ ಜಾಗದಲ್ಲಿ ಉಳಿಸ್ಕೊಳ್ಳೋಕೆ ಬೆಡ್ ಸಿಗುತ್ತಾ ಅಂತಾನೂ ಕೇಳ್ತೀನಿ.