ಕಷಾಯದ ಬಣ್ಣದ ನೀರು

ತದಡಿಯಲ್ಲಿ ದೋಣಿ ಹತ್ತಿದಾಗ ಬೆಳಿಗ್ಗೆ ಏಳು ಗಂಟೆ. ನವೆಂಬರ್ ತಿಂಗಳು, ಇಳಿತ ಆಗಲೇ ಶುರುವಾಗಿತ್ತು. ಅಘನಾಶಿನಿಯ ಅಳಿವೆ ನೋಡಬೇಕು ಅನ್ನೋದು ನನ್ನ ಬಹಳ ದಿನದ ಆಸೆ. ಸಿರ್ಸಿ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ದೊಡ್ಡ ಅಣೆಕಟ್ಟಿನ ತಡೆಯಿಲ್ಲದೆ ಕಡಲು ಸೇರುವ ಹೊಳೆ ಇದು. 2024ರಲ್ಲಿ ಈ ಅಳಿವೆ ರಾಮ್ಸರ್ ತಾಣಗಳ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ, ಪಟ್ಟಿಗೆ ಸೇರಿತು.

ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಸಣ್ಣ ಕಾಲುವೆಗೆ ತಿರುಗಿದ್ದೇ ನೀರಿನ ಬಣ್ಣ ಬದಲಾಯಿತು. ಥೇಟ್ ಹಾಲು ಹಾಕದ ಕಷಾಯ.

"ಗಲೀಜಲ್ಲ ಸರ್, ಎಲೆ ಬಿಟ್ಟ ಬಣ್ಣ" ಅಂದರು ದೋಣಿಯವರು.

ಅವರು ಹೇಳಿದ್ದು ಸರಿ. ಉದುರಿದ ಎಲೆ, ತೊಗಟೆ ನೆನೆದು ಕೊಳೆಯುವಾಗ ಟ್ಯಾನಿನ್‌ನಂಥ (ಚಹಾಕ್ಕೆ ಒಗರು ಕೊಡುವಂಥ) ವಸ್ತುಗಳು ನೀರಲ್ಲಿ ಕರಗುತ್ತವೆ. ಇವು ಬೆಳಕಿನಲ್ಲಿ ಎಲ್ಲಕ್ಕಿಂತ ಜಾಸ್ತಿ ನುಂಗುವುದು ಅತಿನೇರಳೆ ಕಿರಣವನ್ನು. ಆಮೇಲೆ ನೀಲಿ, ಹಸಿರು ಸ್ವಲ್ಪ. ಕೆಂಪನ್ನು ಮುಟ್ಟುವುದೇ ಕಡಿಮೆ.

ಬಿಳಿ ಡಬ್ಬಿ ಮುಚ್ಚಳದ ಕೆಳಗೆ ಕಲ್ಲು ಕಟ್ಟಿ, ಹಗ್ಗದಲ್ಲಿ ಇಳಿಸಿದೆ. ಒಂದು ಗೇಣು ಹೋಗುವಷ್ಟರಲ್ಲಿ ಅದು ಹಳದಿಯಾಯಿತು. ಒಂದು ಮೊಳದಲ್ಲಿ ಜೇನುತುಪ್ಪದ ಬಣ್ಣ. ಇನ್ನೂ ಸ್ವಲ್ಪ ಬಿಟ್ಟೆ, ಕಂದು ನೀರಲ್ಲಿ ಕರಗಿದ ಹಾಗೆ ಮಾಯವಾಯಿತು. ಮೇಲೆತ್ತಿದರೆ ಮತ್ತೆ ಬಿಳಿ! ಮೂರು ಸಲ ಇಳಿಸಿದೆ, ಕಣ್ಣಿಗೆ ಸಾಕಾಗಲಿಲ್ಲ.

ಹೊಳೆ ಬಾಯಿಗೆ ಬಂದಾಗ ಅದೇ ಮುಚ್ಚಳ ಹಸಿರಾಗಿ ಕಂಡಿತು. ಇಲ್ಲಿ ಉಪ್ಪುನೀರು ಬೆರೆತು ಕಷಾಯ ತೆಳುವಾಗಿರುತ್ತದೆ. ಅದರಲ್ಲಿ ಉಳಿದಿರುವ ಎಲೆಯ ಬಣ್ಣ ನೀಲಿಯನ್ನು ತಿನ್ನುತ್ತದೆ, ನೀರು ತಾನೇ ಕೆಂಪನ್ನು ತಿನ್ನುತ್ತದೆ, ನಡುವೆ ಉಳಿಯುವುದು ಹಸಿರು. ದೂರದ ಕಡಲಲ್ಲಿ ಈ ಕರಗಿದ ವಸ್ತು ತೀರಾ ಕಡಿಮೆ, ಹಾಗಾಗಿ ಅಲ್ಲಿ ನೀಲಿ ಉಳಿದುಕೊಳ್ಳುತ್ತದೆ. ಬಿಸಿಲೂ ಈ ಬಣ್ಣವನ್ನು ನಿಧಾನವಾಗಿ ಮಾಸಿಸುತ್ತದೆ.

ಇದು ಸುಮ್ನೆ ಚಂದದ ವಿಷಯವಲ್ಲ. ನೀರಿನ ಸೂಕ್ಷ್ಮ ಪಾಚಿಗೂ ಆ ನೀಲಿ ಬೆಳಕೇ ಬೇಕು. ಕಷಾಯ ಗಟ್ಟಿಯಾದರೆ ಅದರ ಪಾಲು ಕಡಿಮೆಯಾಗುತ್ತದೆ. ಆದರೆ ಅದೇ ಕಷಾಯ ಸುಡುವ ಅತಿನೇರಳೆ ಕಿರಣಕ್ಕೆ ಕೊಡೆ ಹಿಡಿಯುತ್ತದೆ. ಉಪಗ್ರಹಗಳಿಗೂ ಇದರಿಂದ ಗೊಂದಲ. ಇಸ್ರೋದ ಓಷನ್‌ಸ್ಯಾಟ್‌ನಂಥವು ಸಮುದ್ರದ ಬಣ್ಣ ನೋಡಿ ಪಾಚಿ ಎಷ್ಟಿದೆ ಎಂದು ಅಂದಾಜು ಮಾಡುತ್ತವೆ. ಪಾಚಿಯೂ ನೀಲಿ ನುಂಗುತ್ತದೆ, ಎಲೆಯ ಬಣ್ಣವೂ ನೀಲಿ ನುಂಗುತ್ತದೆ. ಮೇಲಿಂದ ನೋಡಿದರೆ ಬೇರೆ ಮಾಡುವುದು ಕಷ್ಟ ಅಲ್ವಾ? ಅದಕ್ಕೇ ಯಾರಾದರೂ ದೋಣಿಯಲ್ಲಿ ಬಂದು ನೀರು ತುಂಬಿಕೊಂಡು ಹೋಗಲೇಬೇಕು.

ನಾನೂ ಕಾಲುವೆಯಿಂದ ಒಂದು ಬಾಟಲಿ ತಂದಿದ್ದೆ. ರಾತ್ರಿ ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿದೆ. ಕೆಸರು ಬಹುಪಾಲು ಕಾಗದದಲ್ಲೇ ಉಳಿಯಿತು, ಬಣ್ಣ ಮಾತ್ರ ಇಳಿದು ಬಂತು. ಪ್ರಯೋಗಾಲಯದ ಅತಿ ಸಣ್ಣ ರಂಧ್ರಗಳ 0.2 ಮೈಕ್ರಾನ್ ಫಿಲ್ಟರಿಗೂ ಅದು ಸಿಗುವುದಿಲ್ಲ. ಸೋಸಿದ ನೀರನ್ನು ಉದ್ದ ಗಾಜಿನ ಲೋಟಕ್ಕೆ ಸುರಿದು ಬಿಳಿ ಹಾಳೆಯ ಮೇಲಿಟ್ಟೆ. ಪಕ್ಕದಿಂದ ನೋಡಿದರೆ ಕುಡಿಯುವ ನೀರಿನಷ್ಟೇ ತಿಳಿ. ಮೇಲಿಂದ ಬಗ್ಗಿ ನೋಡಿದೆ, ಹಾಳೆ ತೆಳು ಹಳದಿ.