ಪೆನ್ಸಿಲ್ ಹಿಡಿದು ಪತ್ತೇದಾರಿ ಓದು: ಸದ್ಯಕ್ಕೆ ಎಲ್ಲಿದ್ದೇನೆ

ಪತ್ತೇದಾರಿ ಕಾದಂಬರಿ ಓದುವಾಗ ಪಕ್ಕದಲ್ಲೇ ಸ್ಕೆಚ್‌ಬುಕ್ ಇಟ್ಟುಕೊಂಡು, ಕಥೆ ನಡೆಯುವ ಮನೆ, ಕೋಣೆ, ಬೀದಿ ಎಲ್ಲವನ್ನೂ ಬಿಡಿಸುತ್ತಾ ಹೋಗುವ ಕೆಲಸ ಚೆನ್ನಾಗಿ ಸಾಗಿದೆ. ಆರಿಸಿಕೊಂಡಿರುವುದು ಬರೀ ಕೋಜಿ ಮಿಸ್ಟರಿಗಳು. ರಕ್ತ ಜಾಸ್ತಿ ಕಾಣಿಸದ, ಊರಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತಿರುವ, ಪೊಲೀಸರಿಗಿಂತ ಮೊದಲು ಪಕ್ಕದ ಮನೆಯವರೇ ಜಾಡು ಹಿಡಿಯುವ ಕಥೆಗಳು. ಅದರಲ್ಲೂ ಚಿತ್ರಕಾರರೋ ಬರಹಗಾರರೋ ಪಾತ್ರವಾಗಿ ಬಂದರೆ ಆ ಪುಸ್ತಕಕ್ಕೇ ಮೊದಲ ಸರದಿ. ಜೊತೆಗೆ ನನ್ನದೇ ಒಂದು ಸಣ್ಣ ಕಥೆಯನ್ನೂ ಬರೆಯುತ್ತಿದ್ದೇನೆ. ಈಗ ಮೂರೂ ಹೆಣೆದುಕೊಂಡುಬಿಟ್ಟಿವೆ, ಹಾಗಾಗಿ ಒಟ್ಟಿಗೇ ಹೇಳುತ್ತೇನೆ.

ಮೊದಲು ನಕ್ಷೆಯ ವಿಷಯ. ಅಗಾಥಾ ಕ್ರಿಸ್ಟಿಯ ‘ದ ಮರ್ಡರ್ ಅಟ್ ದ ವಿಕರೇಜ್’ (ವಿಕರೇಜ್ ಅಂದರೆ ಪಾದ್ರಿಯ ಮನೆ) 1930ರದ್ದು, ಮಿಸ್ ಮಾರ್ಪಲ್ ಎಂಬ ಮುದುಕಿ ಪತ್ತೇದಾರಿಣಿ ಬರುವ ಮೊದಲ ಕಾದಂಬರಿ. ಪುಸ್ತಕದಲ್ಲೇ ನಕ್ಷೆಗಳಿವೆ. ಅವನ್ನು ನೋಡದೆ, ಬರೀ ಮಾತಿನಲ್ಲಿ ಇರುವುದನ್ನು ಹಿಡಿದು ನಾನೇ ಬಿಡಿಸಿ, ಆಮೇಲೆ ಹೋಲಿಸಿ ನೋಡಿದೆ. ಪಾದ್ರಿಯ ಓದುವ ಕೋಣೆ, ಅಲ್ಲಿ ಬರೆಯುವ ಮೇಜಿನ ಮೇಲೆ ಕುಸಿದ ಹೆಣ, ತೋಟದಲ್ಲಿ ಒಬ್ಬ ಯುವ ಚಿತ್ರಕಾರನ ಸ್ಟುಡಿಯೋ, ಪಕ್ಕದಲ್ಲೇ ಮಿಸ್ ಮಾರ್ಪಲ್ ಗಿಡಗಳ ಮಧ್ಯೆ ಕೆಲಸ ಮಾಡುವ ತೋಟ. ಸುಮ್ನೆ ಓದಿದರೆ ‘ಮುದುಕಿ ತೋಟದಲ್ಲಿದ್ದಳು’ ಅಂತ ಮುಂದೆ ಹೋಗುತ್ತೇವೆ. ಬಿಡಿಸಲು ಕೂತರೆ ಹಾಗೆ ಆಗುವುದಿಲ್ಲ. ಅವಳನ್ನು ಎಲ್ಲೋ ಒಂದು ಕಡೆ ನಿಲ್ಲಿಸಲೇಬೇಕು, ಅವಳ ಕಣ್ಣಿನಿಂದ ಕೋಣೆಯ ಕಿಟಕಿಗೆ, ಅಲ್ಲಿಂದ ಸ್ಟುಡಿಯೋಗೆ ಗೆರೆ ಎಳೆಯಬೇಕು. ಆಗ ಗೊತ್ತಾಗುತ್ತದೆ, ಅವಳಿಗೆ ಏನು ಕಂಡಿತು, ಏನು ಕಾಣಲು ಸಾಧ್ಯವೇ ಇರಲಿಲ್ಲ ಅಂತ.

ಅದೇ ಕೋಣೆಯಲ್ಲಿ ಬಿದ್ದ ಗಡಿಯಾರ 6.22ಕ್ಕೆ ನಿಂತಿದೆ. ಆದರೆ ಪಾದ್ರಿ ಆ ಗಡಿಯಾರವನ್ನು ಯಾವಾಗಲೂ ಕಾಲು ಗಂಟೆ ಮುಂದೆ ಇಟ್ಟಿರುತ್ತಾರೆ, ಮನೆಯವರಿಗೆಲ್ಲ ಅದು ಗೊತ್ತು. ಕ್ರಿಸ್ಟಿ ಇದನ್ನು ಮುಚ್ಚಿಡುವುದೇ ಇಲ್ಲ, ನೇರವಾಗಿ ಹೇಳಿಬಿಡುತ್ತಾರೆ. ನಾವು ಅದನ್ನೇ ಹಿಡಿದು ಕೂರುತ್ತೇವೆ, ಅಷ್ಟರಲ್ಲಿ ಬೇರೆ ಏನೋ ನಮ್ಮ ಕಣ್ಣ ಮುಂದೆಯೇ ಹಾದುಹೋಗಿರುತ್ತದೆ.

ಈ ಪ್ರಾಜೆಕ್ಟಿನಿಂದ ನನಗೆ ಸಿಕ್ಕ ದೊಡ್ಡ ವಿಷಯ ಇದು. ಒಳ್ಳೆಯ ಕೋಜಿಯಲ್ಲಿ ಸುಳಿವನ್ನು ಅಡಗಿಸುವುದಿಲ್ಲ, ಸಾಲಿನ ಮಧ್ಯೆ ಕೂರಿಸುತ್ತಾರೆ. ಮೇಜಿನ ಮೇಲೆ ಇಂಥಿಂಥ ವಸ್ತುಗಳಿದ್ದವು ಅಂತ ಒಂದು ಪಟ್ಟಿ ಬರುತ್ತದಲ್ಲ, ಬೇಕಾದ್ದು ಆ ಪಟ್ಟಿಯ ನಡುವೆ ಇರುತ್ತದೆ, ಕೊನೆಗೆ ಸ್ವಲ್ಪ ವಿಚಿತ್ರವಾದ ಇನ್ನೊಂದು ವಸ್ತು ಇಟ್ಟು ನಮ್ಮ ಗಮನ ಆ ಕಡೆ ಎಳೆಯುತ್ತಾರೆ. ಓದುವ ಕಣ್ಣು ಕೊನೆಯದನ್ನು ಹಿಡಿದುಕೊಂಡು ಓಡುತ್ತದೆ. ಪೆನ್ಸಿಲ್ ಓಡುವುದಿಲ್ಲ, ಅದು ಪಟ್ಟಿಯ ಪ್ರತಿಯೊಂದನ್ನೂ ಬಿಡಿಸಬೇಕು, ಮತ್ತು ಬಿಡಿಸುವಾಗ ಎಲ್ಲ ವಸ್ತುಗಳೂ ಸಮಾನ.

ಚಿತ್ರಕಾರರೇ ತುಂಬಿರುವ ಕಥೆಗಳಲ್ಲಿ ಇದರ ಮಜಾ ಇನ್ನೂ ಜಾಸ್ತಿ. ಡೊರೊಥಿ ಸೇಯರ್ಸ್ ಅವರ ‘ಫೈವ್ ರೆಡ್ ಹೆರಿಂಗ್ಸ್’ (1931) ನಡೆಯುವುದು ಸ್ಕಾಟ್ಲೆಂಡಿನ ಗ್ಯಾಲೋವೇ ಪ್ರದೇಶದಲ್ಲಿ, ಚಿತ್ರಕಾರರು ಮತ್ತು ಮೀನು ಹಿಡಿಯುವವರ ಊರುಗಳಲ್ಲಿ. ಒಬ್ಬ ಚಿತ್ರಕಾರನ ಹೆಣ ಹೊಳೆಯಲ್ಲಿ ಬಿದ್ದಿದೆ, ದಡದ ಮೇಲೆ ಅರ್ಧ ಮುಗಿದ ಚಿತ್ರ, ಬಣ್ಣ ಇನ್ನೂ ಹಸಿ. ಅನುಮಾನಕ್ಕೆ ಸಿಕ್ಕವರು ಆರು ಜನ, ಆರೂ ಜನ ಚಿತ್ರಕಾರರೇ. ಸತ್ತವನ ಸಾಮಾನು ನೋಡಿದ ಪತ್ತೇದಾರ ಲಾರ್ಡ್ ಪೀಟರ್‌ಗೆ ಅಲ್ಲಿ ಇರಬೇಕಾದ ಒಂದು ವಸ್ತು ಇಲ್ಲ ಅಂತ ತಟ್ಟನೆ ಹೊಳೆಯುತ್ತದೆ. ಅದು ಯಾವುದು ಅಂತ ಲೇಖಕಿ ಹೇಳುವುದಿಲ್ಲ! ಜಾಣ ಓದುಗರು ತಾವೇ ಊಹಿಸುತ್ತಾರೆ, ಅದಕ್ಕೇ ಬಿಟ್ಟಿದ್ದೇನೆ ಅನ್ನುವ ಅರ್ಥದಲ್ಲಿ ಬರೆದು ಮುಂದೆ ಹೋಗಿಬಿಡುತ್ತಾರೆ. ನಾನೂ ಇಲ್ಲಿ ಹೇಳುವುದಿಲ್ಲ. ಆದರೆ ಒಂದು ದಿನವಾದರೂ ಬಣ್ಣದ ಡಬ್ಬಿ ಹಿಡಿದು ಹೊರಗೆ ಕೂತು ಚಿತ್ರ ಮಾಡಿದವರು ಆ ಪುಟಕ್ಕೆ ನಿಂತು, ಪಟ್ಟಿಯಲ್ಲಿರುವ ಸಾಮಾನನ್ನೆಲ್ಲ ಒಂದೊಂದಾಗಿ ಬಿಡಿಸಿ ನೋಡಿ. ಅಷ್ಟು ಖುಷಿ ಕೊಟ್ಟ ಪುಟ ಈ ಓದಿನಲ್ಲಿ ಇನ್ನೊಂದಿಲ್ಲ. ಅದರಲ್ಲಿ ರೈಲಿನ ವೇಳಾಪಟ್ಟಿ ಮಾತ್ರ ಬಹಳ ಉದ್ದ, ಆ ಭಾಗವನ್ನು ನಿಧಾನಕ್ಕೆ ಒಂದು ಹಾಳೆಯಲ್ಲಿ ಗೆರೆ ಹಾಕಿಕೊಂಡೇ ಓದಬೇಕು.

ನೈಯೊ ಮಾರ್ಷ್ ನ್ಯೂಜಿಲೆಂಡಿನವರು, ಚಿತ್ರಕಲೆಯನ್ನು ಶಾಲೆಯಲ್ಲಿ ಕ್ರಮವಾಗಿ ಕಲಿತವರು, ಆಮೇಲೆ ನಾಟಕವನ್ನೂ ಆಡಿಸಿದವರು. ಅದು ‘ಆರ್ಟಿಸ್ಟ್ಸ್ ಇನ್ ಕ್ರೈಮ್’ (1938) ಓದಿದರೆ ಗೊತ್ತಾಗುತ್ತದೆ. ಅಗಾಥಾ ಟ್ರಾಯ್ ಎಂಬ ಚಿತ್ರಕಾರ್ತಿ ಇದರಲ್ಲೇ ಮೊದಲು ಬರುವುದು, ಹಡಗಿನ ಮೇಲೆ ಕೂತು ಫಿಜಿಯ ಸುವಾ ಬಂದರಿನ ದೃಶ್ಯವನ್ನು ಬಿಡಿಸುತ್ತಾ. ಆಮೇಲಿನ ಕೊಲೆ ಅವಳ ಸ್ಟುಡಿಯೋದಲ್ಲಿ, ಮಾಡೆಲ್ ಒರಗುವ ಪೀಠದ ಮೇಲೇ. ಮಾಡೆಲ್ ಬಿಡುವು ಮುಗಿಸಿ ಬಂದಾಗ ಕೂದಲೆಳೆಯಷ್ಟೂ ಆಚೀಚೆ ಆಗದೆ ಅದೇ ಭಂಗಿಗೆ ಮರಳಬೇಕು, ಅದಕ್ಕಾಗಿ ಸ್ಟುಡಿಯೋಗಳಲ್ಲಿ ಪೀಠದ ಮೇಲೆ ಗುರುತು ಹಾಕಿರುತ್ತಾರೆ. ಕೊಲೆಗೆ ಆಧಾರ ಈ ಕ್ರಮವೇ. ಹೊರಗಿನಿಂದ ನೋಡಿ ಬರೆಯುವವರಿಗೆ ಇದು ಹೊಳೆಯುವುದು ಕಷ್ಟ ಅಲ್ವಾ?

ಲೂಯೀಸ್ ಪೆನ್ನಿಯ ‘ಸ್ಟಿಲ್ ಲೈಫ್’ (2005) ಇತ್ತೀಚಿನದು, ಕೆನಡಾದ ಥ್ರೀ ಪೈನ್ಸ್ ಎಂಬ ಕಲ್ಪನೆಯ ಹಳ್ಳಿ. ಇದರಲ್ಲಿ ಸಾಯುವ ಜೇನ್ ನೀಲ್ ಜೀವನ ಪೂರ್ತಿ ಚಿತ್ರ ಮಾಡಿ ಯಾರಿಗೂ ತೋರಿಸಿರುವುದಿಲ್ಲ, ಗೆಳೆಯರನ್ನು ಅಡುಗೆಮನೆ ದಾಟಿ ಒಳಗೆ ಬಿಟ್ಟುಕೊಂಡಿರುವುದೂ ಇಲ್ಲ. ಮೊದಲ ಸಲ ಧೈರ್ಯ ಮಾಡಿ ಒಂದು ಚಿತ್ರವನ್ನು ಪ್ರದರ್ಶನಕ್ಕೆ ಕೊಟ್ಟಮೇಲೆ ಈ ಸಾವು. ಇದನ್ನು ಓದಿದ ಮೇಲೆ ಬಹಳ ಹೊತ್ತು ನಕ್ಷೆ ಬಿಡಿಸಲು ಮನಸ್ಸಾಗಲಿಲ್ಲ. ತಾನು ಮಾಡಿದ್ದನ್ನು ಇನ್ನೊಬ್ಬರಿಗೆ ತೋರಿಸುವುದು ಎಷ್ಟು ದೊಡ್ಡ ಹೆಜ್ಜೆ ಅನ್ನುವುದನ್ನು ಇಷ್ಟು ಪ್ರೀತಿಯಿಂದ ಹೇಳಿದ ಪತ್ತೇದಾರಿ ಕಥೆಯನ್ನು ನಾನಂತೂ ಬೇರೆ ಓದಿಲ್ಲ.

ಬರಹಗಾರರ ಬದುಕಿನ ಕಡೆಯ ಓದೂ ನಡೆದಿದೆ. ಕ್ರಿಸ್ಟಿಯ 73 ನೋಟ್‌ಬುಕ್‌ಗಳು ಉಳಿದಿವೆ, ಜಾನ್ ಕರನ್ ಅವುಗಳನ್ನು ಓದಿ 2009ರಲ್ಲಿ ಪುಸ್ತಕ ಮಾಡಿದರು. ಶಾಲೆಯ ಮಕ್ಕಳು ಬರೆಯುವಂಥ ಪುಸ್ತಕಗಳೂ ಇವೆ ಅದರಲ್ಲಿ. ಒಂದೇ ಕಾದಂಬರಿಯ ಟಿಪ್ಪಣಿ ಹಲವು ಪುಸ್ತಕಗಳಲ್ಲಿ ಚೆಲ್ಲಾಪಿಲ್ಲಿ, ನಡುವೆ ಮನೆಗೆ ತರಬೇಕಾದ ಸಾಮಾನಿನ ಪಟ್ಟಿ, ಇಸ್ಪೀಟಿನ ಅಂಕಗಳು. ಕೊಲೆಗಾರ ಯಾರು ಅಂತ ತೀರ್ಮಾನ ಆಗುವ ಮೊದಲೇ ಹಲವು ಹೆಸರುಗಳನ್ನು ಎದುರಿಗಿಟ್ಟು ತೂಗಿ ನೋಡಿದ್ದಾರೆ. ದೃಶ್ಯಗಳಿಗೆ ಅಕ್ಷರ ಕೊಟ್ಟು, ಆಮೇಲೆ ಆ ಅಕ್ಷರಗಳ ಕ್ರಮ ಬದಲಿಸಿ ಕಥೆ ಜೋಡಿಸುವ ಪದ್ಧತಿಯೂ ಇತ್ತು. ಅದನ್ನು ನಾನು ಹಾಗೇ ತೆಗೆದುಕೊಂಡಿದ್ದೇನೆ, ನನ್ನ ಕಥೆಯ ದೃಶ್ಯಗಳು ಈಗ ಅ, ಆ, ಇ, ಈ ಆಗಿವೆ, ಬಹಳ ಸಲೀಸು. ಬರೆಯಲು ಅವರಿಗೆ ಒಂದು ಗಟ್ಟಿ ಮೇಜು, ಟೈಪ್‌ರೈಟರ್ ಇದ್ದರೆ ಸಾಕಿತ್ತಂತೆ, ಊಟದ ಮೇಜಾದರೂ ಸರಿ. ತಮ್ಮನ್ನೇ ಹೋಲುವ ಆರಿಯಾಡ್ನೆ ಆಲಿವರ್ ಎಂಬ ಲೇಖಕಿಯನ್ನು ಕಥೆಗಳಲ್ಲಿ ತಂದಿದ್ದಾರೆ. ಸದಾ ಸೇಬು ತಿನ್ನುತ್ತಾ, ತಾನೇ ಸೃಷ್ಟಿಸಿದ ಫಿನ್‌ಲೆಂಡಿನ ಪತ್ತೇದಾರನನ್ನು ಬೈದುಕೊಳ್ಳುತ್ತಾ ಇರುವ ಆಕೆಯನ್ನು ಬಿಡಿಸಿದ ಪುಟ ನನ್ನ ಸ್ಕೆಚ್‌ಬುಕ್ಕಿನಲ್ಲಿ ನನಗೆ ಬಲು ಇಷ್ಟ.

ಇನ್ನೊಂದು ವಿವರ ತಲೆಯಿಂದ ಹೋಗುತ್ತಲೇ ಇಲ್ಲ. ಕ್ರಿಸ್ಟಿಯ ಗಂಡ ಪುರಾತತ್ವದ ಕೆಲಸದವರು. ಇರಾಕಿನ ನಿಮ್ರುದ್‌ನಲ್ಲಿ ಸಿಕ್ಕ ದಂತದ ಕೆತ್ತನೆಗಳನ್ನು ಈಕೆ ಹೆಣಿಗೆಯ ಕಡ್ಡಿ ಮತ್ತು ಮುಖಕ್ಕೆ ಹಚ್ಚುವ ಕ್ರೀಮ್ ಬಳಸಿ ಒಂದೊಂದು ಸಂದಿಯಿಂದ ಮಣ್ಣು ತೆಗೆದು ಶುಚಿ ಮಾಡಿದ್ದರು. ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ದುಡಿದಿದ್ದರಿಂದ ವಿಷಗಳ ಪರಿಚಯವೂ ಚೆನ್ನಾಗಿತ್ತು, 1920ರಲ್ಲಿ ಬಂದ ಮೊದಲ ಕಾದಂಬರಿಯೇ ಅದರಿಂದ ಹುಟ್ಟಿತು. ಕೈಗೆ ಗೊತ್ತಿರುವ ಕೆಲಸವೇ ಸುಳಿವಾಗಿದೆ.

ಹಾಗಾದರೆ ನನ್ನ ಕೈಗೆ ಏನು ಗೊತ್ತು? ವಾಟರ್‌ಕಲರ್. ಕಥೆಯ ಮುಖ್ಯ ಸುಳಿವು ಅಲ್ಲಿಂದಲೇ ಬಂತು. ಕಾಗದದ ಮೇಲೆ ಬಳಿದ ಬಣ್ಣ ಪೂರ್ತಿ ಹಸಿಯಾಗಿದ್ದಾಗ ಒಂದು ಹನಿ ನೀರು ಬಿದ್ದರೆ ಅದು ಹರಡಿ ಕರಗಿಹೋಗುತ್ತದೆ. ಪೂರ್ತಿ ಒಣಗಿದ ಮೇಲೆ ಬಿದ್ದರೆ ಒಂದು ಮಸುಕು ಕಲೆ ಅಷ್ಟೇ. ಆದರೆ ಮೇಲಿನ ಹೊಳಪು ಹೋಗಿ, ಮುಟ್ಟಿದರೆ ಇನ್ನೂ ತಣ್ಣಗೆ ಇರುವ ಆ ನಡುವಿನ ಹೊತ್ತಿನಲ್ಲಿ ಬಿದ್ದರೆ, ನೀರು ಬಣ್ಣವನ್ನು ಹೊರಕ್ಕೆ ತಳ್ಳಿ ಹೂಕೋಸಿನ ಹಾಗೆ ಸುಕ್ಕುಸುಕ್ಕಾದ ಗಾಢ ಅಂಚು ಮೂಡಿಸುತ್ತದೆ. ಒಣಗಿದ ಮೇಲೂ ಅದು ಹೋಗುವುದಿಲ್ಲ. ಅಂದರೆ ಹನಿ ಯಾವಾಗ ಬಿತ್ತು ಅನ್ನುವುದಕ್ಕೆ ಚಿತ್ರವೇ ಸಾಕ್ಷಿ!

ಇದನ್ನು ಒಂದೇ ಕಾಗದದ ತುಂಡುಗಳ ಮೇಲೆ, ಒಂದೇ ನೀಲಿಯನ್ನು ಬಳಿದು, ಬೇರೆ ಬೇರೆ ಹೊತ್ತಿಗೆ ಹನಿ ಬಿಟ್ಟು ನೋಡಿ, ಪಕ್ಕದಲ್ಲಿ ನಿಮಿಷ ಬರೆದಿಟ್ಟಿದ್ದೇನೆ. ದಪ್ಪ ಕಾಗದದಲ್ಲಿ ಆ ನಡುವಿನ ಹೊತ್ತು ಸ್ವಲ್ಪ ಹಿಗ್ಗುತ್ತದೆ, ಫ್ಯಾನ್ ಹಾಕಿದರೆ ಕುಗ್ಗುತ್ತದೆ. ಕಥೆಯಲ್ಲಿ ಚಿತ್ರಕಲೆಯ ತರಗತಿ ಮುಗಿದ ಮೇಲೆ ಕೋಣೆಗೆ ಯಾರೂ ಹೋಗಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಮಳೆಯಲ್ಲಿ ನೆನೆದ ಕೊಡೆ ಹಿಡಿದು ಯಾರೋ ಒಳಗೆ ಬಂದಿದ್ದರು ಅನ್ನುವುದು ಆಕಾಶದ ನೀಲಿಯಲ್ಲಿ ಎದ್ದ ಆ ಹೂಕೋಸಿನ ಅಂಚಿನಿಂದ ಗೊತ್ತಾಗುತ್ತದೆ.

ತೊಡಕು ಒಂದಿದೆ. ಮಳೆ ದಿನ ಗಾಳಿಯಲ್ಲಿ ತೇವ ಜಾಸ್ತಿ, ಬಣ್ಣ ನಿಧಾನಕ್ಕೆ ಒಣಗುತ್ತದೆ, ಆದ್ದರಿಂದ ಕೊಲೆಯ ಹೊತ್ತಿನ ಲೆಕ್ಕ ನಾನು ಮೊದಲು ಅಂದುಕೊಂಡದ್ದಕ್ಕಿಂತ ಮುಂದೆ ಹೋಗುತ್ತದೆ. ಅದು ಓದುಗರಿಗೂ ಮೊದಲೇ ಗೊತ್ತಿರಬೇಕು, ಇಲ್ಲದಿದ್ದರೆ ಮೋಸ. ಅದಕ್ಕೇ ‘ಅ’ ದೃಶ್ಯದಲ್ಲೇ ಟೀಚರ್ ಬಾಯಲ್ಲಿ ಒಂದು ಮಾತು ಬರಬೇಕು, ಇವತ್ತು ಯಾಕೋ ಬೇಗ ಒಣಗುತ್ತಿಲ್ಲ, ಕಾಯಿರಿ ಅಂತ. ಆ ಮಾತು ಕುಂಚ, ಪಿಂಗಾಣಿ ಬಟ್ಟಲು, ಮುರಿದ ಈಸಲ್ ಇವುಗಳ ಗದ್ದಲದ ನಡುವೆ ಕೂರಬೇಕು. ಸದ್ಯಕ್ಕೆ ಬರೆದಿರುವುದರಲ್ಲಿ ಅದು ತುಂಬಾ ಎದ್ದು ಕಾಣುತ್ತಿದೆ, ಜಾಗ ಬದಲಿಸಿ ನೋಡುತ್ತಿದ್ದೇನೆ. ಟೀಚರ್ ಬದಲು, ಬೇರೆ ಯಾವುದೋ ವಿಷಯಕ್ಕೆ ಜಗಳ ಮಾಡುತ್ತಿರುವ ಇಬ್ಬರು ವಿದ್ಯಾರ್ಥಿಗಳ ಬಾಯಲ್ಲಿ ಬಂದರೆ ಚೆನ್ನಾಗಿರಬಹುದು. ಅದನ್ನು ಬರೆದ ಮೇಲೆ ‘ಉ’ ದೃಶ್ಯಕ್ಕೆ ಹೋಗುತ್ತೇನೆ, ಪತ್ತೇದಾರಿಣಿ ಚಿತ್ರವನ್ನು ಮೊದಲ ಸಲ ಬೆಳಕಿಗೆ ಹಿಡಿಯುವುದು ಅಲ್ಲೇ.