ಅಣ್ಣ ಹೊಸ ವಾರ್ಡಿಗೆ ಹೋದ ದಿನ

ಸರ್ಕಾರಿ ಮನೋರೋಗ ಆಸ್ಪತ್ರೆಯ ಹಳೆಯ ವಾರ್ಡಿನಿಂದ ಅಣ್ಣನನ್ನು ಹೊಸ ಕಟ್ಟಡಕ್ಕೆ ಸ್ಥಳಾಂತರಿಸಿದ ದಿನ ನಾನು ಅವನ ಜೊತೆಗಿದ್ದೆ. ಹಳೆಯ ವಾರ್ಡ್ ಎಂದರೆ ಉದ್ದನೆಯ ಒಂದೇ ಹಜಾರ, ಸಾಲು ಮಂಚಗಳು, ಹೊರಗಿನಿಂದ ಬೀಗ ಹಾಕುವ ಕಬ್ಬಿಣದ ಬಾಗಿಲು. ರಾತ್ರಿ ಒಬ್ಬರು ಕೂಗಿಕೊಂಡರೆ ಎಲ್ಲರಿಗೂ ಎಚ್ಚರವಾಗುತ್ತಿತ್ತು. ಅಣ್ಣನಿಗಿರುವುದು ಬೈಪೋಲಾರ್, ಅಂದರೆ ಉನ್ಮಾದವೂ ಖಿನ್ನತೆಯೂ ಬಂದುಹೋಗುವ ಕಾಯಿಲೆ; ಅದರಲ್ಲಿ ನಿದ್ದೆಗೆಟ್ಟರೆ ಉನ್ಮಾದ ಕೆರಳುವುದರಿಂದ, ವಾಸಿಮಾಡಬೇಕಾದ ಜಾಗವೇ ಅವನ ಕಾಯಿಲೆಯನ್ನು ಹೆಚ್ಚಿಸುತ್ತಿತ್ತು. ಹೊಸ ವಾರ್ಡಿನಲ್ಲಿ ಇಬ್ಬರಿಗೊಂದು ಕೋಣೆ, ಸ್ವಂತ ಬಟ್ಟೆ ಇಟ್ಟುಕೊಳ್ಳಲು ಕಪಾಟು, ಒಳಗಿನಿಂದ ಚಿಲಕ ಹಾಕಿಕೊಂಡರೂ ತುರ್ತಿನಲ್ಲಿ ಹೊರಗಿನಿಂದ ತೆರೆಯಬಹುದಾದ ಸ್ನಾನದಮನೆ ಇದ್ದವು. ಅಣ್ಣ ಆ ಚಿಲಕವನ್ನು ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದ.

ಆದರೂ ಕಟ್ಟಡಕ್ಕಿಂತ ದೊಡ್ಡ ಸುಧಾರಣೆ ಎಂದು ನನಗೆ ಅನಿಸಿದ್ದು ನೆಲಮಹಡಿಯ ಪ್ರಯೋಗಾಲಯ. ಅಣ್ಣ ಸೇವಿಸುವ ಲಿಥಿಯಂ ಔಷಧ ಗುಣಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಬಹಳ ಕಡಿಮೆ; ಆದ್ದರಿಂದ ಕೊನೆಯ ಮಾತ್ರೆ ನುಂಗಿ ಸುಮಾರು 12 ಗಂಟೆಗಳಾದ ಮೇಲೆ ರಕ್ತ ತೆಗೆದು ಅದರ ಮಟ್ಟ ನೋಡಬೇಕು, ಮೂತ್ರಪಿಂಡ ಮತ್ತು ಥೈರಾಯ್ಡ್ ಗ್ರಂಥಿಯ ಮೇಲೂ ನಿಗಾ ಇಡಬೇಕು. ಹಿಂದೆ ರಕ್ತದ ಮಾದರಿ ಬೇರೆಡೆ ಹೋಗಿ ವರದಿ ಬರುವವರೆಗೆ, ಅಣ್ಣನ ಕೈನಡುಕ ಎಷ್ಟು ಗಂಭೀರವೆಂದು ತಿಳಿಯದೆ ನಾವು ದಿನಗಟ್ಟಲೆ ಕಾಯುತ್ತಿದ್ದೆವು. ಅಂದು ಸಂಜೆಯೇ ವರದಿ ಬಂತು. ವೈದ್ಯೆ ಅದನ್ನು ನನಗಲ್ಲ, ಅಣ್ಣನಿಗೆ ತೋರಿಸಿ, "ಪ್ರಮಾಣ ಸ್ವಲ್ಪ ಇಳಿಸೋಣ, ನೀವು ಏನು ಹೇಳ್ತೀರಿ?" ಎಂದು ಕೇಳಿದರು. ಎಷ್ಟೋ ವರ್ಷಗಳಿಂದ ಅವನ ಬಗ್ಗೆ ನಮ್ಮನ್ನೇ ಕೇಳುತ್ತಿದ್ದರು. ಅವನ ಉತ್ತರಕ್ಕಾಗಿ ಒಬ್ಬರು ಕಾದು ಕೂತದ್ದನ್ನು ಕಂಡು ನನ್ನ ಗಂಟಲು ಕಟ್ಟಿತು.

ಅಣ್ಣನ ಉಳಿದ ಸಾಮಾನು ತರಲು ಹಳೆಯ ಹಜಾರಕ್ಕೆ ಹೋದಾಗ ಕೆಲವು ವೃದ್ಧರು ಅಲ್ಲಿಯೇ ಇದ್ದರು. ಅವರ ಕಾಯಿಲೆ ಹತೋಟಿಗೆ ಬಂದು ಬಹಳ ಕಾಲವಾಗಿತ್ತು, ಕರೆದೊಯ್ಯುವವರಿರಲಿಲ್ಲ. 1952ರಲ್ಲಿ ಕ್ಲೋರ್‌ಪ್ರೊಮಜೀನ್ ಎಂಬ ಮನೋರೋಗದ ಔಷಧ ಬಳಕೆಗೆ ಬಂದ ಮೇಲೆ ಅನೇಕ ರೋಗಿಗಳು ಆಸ್ಪತ್ರೆಯ ಹೊರಗೆ ಬದುಕುವುದು ಸಾಧ್ಯವಾಯಿತು. ಆದರೆ ಹೊರಗೆ ಒಂದು ಮನೆಯೂ ಬೇಕು. ಇಟಲಿಯ ಟ್ರಿಯೆಸ್ಟೆಯಲ್ಲಿ 1971ರಿಂದ ಮನೋವೈದ್ಯ ಫ್ರಾಂಕೊ ಬಸಾಲಿಯಾ ಮತ್ತು ಅವರ ಸಹೋದ್ಯೋಗಿಗಳು ಮನೋರೋಗ ಆಸ್ಪತ್ರೆಯ ಬಾಗಿಲು ತೆರೆದದ್ದಷ್ಟೇ ಅಲ್ಲ, ವಸತಿ, ಕೆಲಸ ಕೊಡುವ ಸಹಕಾರ ಸಂಘ, ಬಡಾವಣೆಗಳಲ್ಲಿ ಚಿಕಿತ್ಸಾ ಕೇಂದ್ರಗಳನ್ನು ಕಟ್ಟುತ್ತಾ ಹೋದರು. ಮನೋರೋಗ ಆಸ್ಪತ್ರೆಗಳನ್ನು ಹಂತಹಂತವಾಗಿ ಮುಚ್ಚಲು ಇಟಲಿ ತಂದ 1978ರ 180ನೆಯ ಕಾನೂನಿಗೆ ಆ ಅನುಭವ ಬಲ ಕೊಟ್ಟಿತು. ಇಲ್ಲಿಯೂ ಮುಂದಿನ ಹಣ ಮತ್ತೊಂದು ವಾರ್ಡಿಗಿಂತ ಅಂಥ ಮನೆಗಳಿಗೆ ಹೋಗಬೇಕೆಂದು ನಾನು ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯ ಬಳಿ ಹೇಳಿದೆ. ಅದನ್ನೇ ಬರೆದುಕೊಡಿ, ರೋಗಿಗಳ ಮನೆಯವರ ಅರ್ಜಿಗೆ ತೂಕವಿರುತ್ತದೆ ಎಂದರು ಅವರು. ಅಲ್ಲಿಯೇ ಕೂತು ಬರೆದೆ. ಅಣ್ಣನೂ ಸಹಿ ಹಾಕಿದ.